ಭಾನುವಾರದವರೆಗೆ ಅಮ್ಮನ ರಾತ್ರಿಗಳು ನಿನ್ನವು

ಅಣ್ಣಾ,

ಮುಖ ನೋಡಿ ಹೇಳಲು ಹೋದರೆ ಎಲ್ಲಿ ಅತ್ತುಬಿಡುತ್ತೇನೋ ಎಂಬ ಅಳುಕಿಗೆ ಇದನ್ನು ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ನಾನು ಚಿಕ್ಕಮ್ಮನ ಮನೆಗೆ ಹೊರಟೆ. ಬರುವುದು ಭಾನುವಾರ.

ಸೊಂಟದ ಕೀಲು ಬದಲಿಸಿ ಇಪ್ಪತ್ತು ದಿನವಾದರೂ ಅಮ್ಮನಿಗೆ ಅಂಗಾತ ಮಲಗಿದರೆ ನಿದ್ದೆ ಹತ್ತುವುದಿಲ್ಲ. ಮಗ್ಗುಲಾದರೆ ಮೊಣಕಾಲುಗಳ ನಡುವೆ ದಿಂಬು ಇರಲೇಬೇಕು. ಅದು ಜಾರುತ್ತದೆ, ಅವಳು ಕರೆಯುತ್ತಾಳೆ, ನೀನು ಏಳಬೇಕು. ನೋವಿನ ಮಾತ್ರೆ ಊಟವಾದ ಮೇಲೆ.

ಸಂಜೆ ಆರಕ್ಕೆ "ಪಾಪ, ಕುಡೀಲಿ ಬಿಡೇ" ಎಂದು ಗಟ್ಟಿ ಕಾಫಿ ಕೊಡುವವನು ನೀನು. ಅದರಿಂದ ನಿದ್ದೆಗೆಟ್ಟಾಗ ರಾತ್ರಿ ಎರಡಕ್ಕೆ ವಾಕರ್ ಹಿಡಿಸಿ ಅವಳನ್ನು ಹಜಾರದಲ್ಲಿ ನಡೆಸುವವಳು ನಾನು. ಇವತ್ತೂ ಕೊಟ್ಟು ನೋಡು. ಮಾಡಿದ್ದುಣ್ಣೋ ಮಹಾರಾಯ!

ನೀನು ರಾತ್ರಿ ಕಿವಿಗೆ ತುರುಕಿಕೊಳ್ಳುವ ಹತ್ತಿಯನ್ನು ಹುಡುಕಬೇಡ, ಅದು ನನ್ನ ಚೀಲದಲ್ಲಿದೆ. ನಿನ್ನ ಕೋಣೆಗೆ ಬೀಗ ಹಾಕಿದ್ದೇನೆ. ಹಾಸಿಗೆ ಅಮ್ಮನ ಮಂಚದ ಪಕ್ಕದಲ್ಲಿದೆ, ಬಟ್ಟೆ ಸೋಫಾದ ಮೇಲಿದೆ. ಫೋನ್ ಮಾಡಿದರೆ ಎತ್ತುವುದಿಲ್ಲ.

"ಡಿಗ್ರಿ ಮುಗಿಸಿ ಮನೇಲೇ ಇದ್ದೀಯಲ್ಲ, ನಿನಗೇನು ಕಷ್ಟ?" ಅಂದೆ ನೀನು ಮೊನ್ನೆ. ಅವತ್ತು ನಾನು ತಲೆ ತಗ್ಗಿಸಿಕೊಂಡು ಎದ್ದುಹೋಗಿ ಡೈರಿಯಲ್ಲಿ ಎರಡು ಪುಟ ನಿನ್ನನ್ನು ಬೈದೆ.

ಒಂದು ಮಾತು ಮಾತ್ರ ಅಲ್ಲೂ ಬರೆಯಲಿಲ್ಲ. ನೋವು ಬಂದಾಗ ಅಮ್ಮ ಕೂಗುವುದು ನಿನ್ನನ್ನು. ಎದ್ದು ಹೋಗುವುದು ನಾನು. ನನ್ನನ್ನು ನೋಡಿ, "ಅವನು ಮಲಗಿದಾನಾ? ಮಲಗಲಿ ಬಿಡು" ಅನ್ನುತ್ತಾಳೆ. ಇಪ್ಪತ್ತು ರಾತ್ರಿಯಲ್ಲಿ ನನಗೆ ಒಂದು ಸಲವೂ ಮಲಗು ಅನ್ನಲಿಲ್ಲ. ನನಗೆ ಹೊಟ್ಟೆಕಿಚ್ಚು, ಅಣ್ಣಾ.