ಅಬ್ಬಾ ಕಲಿತ ಚಿಕ್ಕಿ

ಭಂಕೂರ
೧೬ ಫೆಬ್ರುವರಿ ೨೦೨೫, ಐತವಾರ

ಪ್ರೀತಿಯ ಫಿರ್ದೋಸ್ ಆಪಾಗ ನಿನ್ನ ತಂಗಿ ಹುಮೇರಾಳ ಸಲಾಂ.

ಭಾಳ ತಡಾ ಮಾಡಿ ಬರೀಲಿಕತ್ತೀನಿ, ಮಾಫ್ ಮಾಡು. ನೀ ಫೋನ್ ಎತ್ತವಲ್ಲಿ. ಕಲೀಮ್ ಭಾಯಿಗೆ ಹಚ್ಚಿದ್ರ ‘ಮಲಗ್ಯಾಳ’ ಅಂತಾರ. ಹೆಂಡತಿ ಸಲುವಾಗಿ ಸುಳ್ಳು ಹೇಳೂದು ಪಾಪ ಅವರಿಗೂ ಸರಿಯಾಗಿ ಬರೂದಿಲ್ಲ. ಅದಕ್ಕ ಕಾಗದಾ ಹಿಡದೀನಿ. ಮನ್ಯಾಗ ಮಾತಾಡೂದು ಒಂದು ಭಾಷಾ, ಬರಿಯೂದು ಒಂದು ಭಾಷಾ ಅಂತ ಅಮ್ಮಿ ಇದ್ದಾಗ ನಮಗ ನಗತಿದ್ಲು. ಏನ್ ಮಾಡೂದು, ಅಬ್ಬಾ ಇಬ್ಬರ್ನೂ ಕನ್ನಡ ಸಾಲಿಗೇ ಹಾಕಿದ್ರು.

ಕೂಸಿನ ಫೋಟೋ ಬಂತು. ಕಿವಿ ಅಮ್ಮೀವೇ. ಆದ್ರ ನೀ ಉಣ್ಣವಲ್ಲಿ, ಕೂಸಿಗೆ ಹಾಲು ಸಾಲವಲ್ದು ಅಂತ ಭಾಯಿ ಹೇಳಿದ್ರು. ಇಮಾಮ್ಬೀ ಫುಫು ನಿನಗ ಏನಂದಾಳ ಅನ್ನೂದೂ ಗೊತ್ತಾತು. ‘ನನ್ನ ತಮ್ಮ ದೊಡ್ಡ ಮಗಳ ಹಾದಿ ನೋಡ್ತಾ ನೋಡ್ತಾ ಹೋದ’ ಅಂತ ಆಕಿ ಇಲ್ಲಿ ಬಂದವರ ಮುಂದೆಲ್ಲ ಹೇಳಿ ಅತ್ಲು. ಬಸುರಿದ್ದಾಗ ಡಾಕ್ಟರು ನಿನಗ ಹಾಸಿಗಿ ಬಿಟ್ಟು ಏಳಬ್ಯಾಡ ಅಂದಿದ್ದು ಆಕಿಗೆ ಗೊತ್ತಿಲ್ಲದ್ದೇನಲ್ಲ. ದುಃಖದಾಗ ಯಾರನ್ನರೆ ಬೈಬೇಕು ಅನಿಸ್ತದ, ನೀ ದೂರ ಇದ್ದಿ.

ನೀ ನೋಡದ ಆ ತಿಂಗಳುಗಳ ಸುದ್ದಿ ಹೇಳ್ತೀನಿ, ಕೇಳು.

ಶ್ರಾವಣದಾಗ ಅಬ್ಬಾಗ ಲಕ್ವಾ ಹೊಡದಾಗ ನೀ ಬಂದು ನೋಡಿ ಹೋಗಿದ್ದಿ. ಬಲಗೈ ಸತ್ತಂಗ ತೊಡಿ ಮ್ಯಾಲ ಬಿದ್ದಿರ್ತಿತ್ತು. ಶಹಾಬಾದ ಕಲ್ಲು ಕಡಿದ ಕೈ ಅದು, ಚಾದರ ಸರಿಸ್ಲಿಕ್ಕೂ ಆಗ್ತಿದ್ದಿಲ್ಲ. ಮಾತು ಒಂದೊಂದೇ ಬರ್ತಿತ್ತು, ಕೆಲವು ಬರ್ತನೇ ಇದ್ದಿಲ್ಲ. ಕಲಬುರಗಿ ಡಾಕ್ಟರು, ಎಡಗೈಲೆ ದಿನಾ ಸಣ್ಣ ಸಣ್ಣ ಆಕಾರ ಬರೆಸ್ರಿ, ಗೋಲ, ಚೌಕ, ಐದು ಮೂಲಿ ಚಿಕ್ಕಿ, ಕೈಗೂ ಛಲೋ ತಲಿಗೂ ಛಲೋ ಅಂದ್ರು. ಮನ್ಯಾಗ ಕುಂದ್ರಿಸಿ ಬರೆಸಿದ್ರ ಸುಣ್ಣದ ಕಡ್ಡಿ ಒಗೀತಿದ್ರು. ನಾ ಕಲಿಸ್ಲಿಕ್ಕೆ ಸಾಲಿಗೆ ಹೋದ್ರ ಹಿಂದ ಒಬ್ಬರೇ. ಒಂದಿನ ಬಂದು ನೋಡ್ತೀನಿ, ಬಚ್ಚಲದಾಗ ಬಿದ್ದಾರ.

ಮರುದಿನ ನಮ್ಮ ಹೆಡ್‌ಮಾಸ್ತರ ಭೀಮಶಾ ಸರ್‌ಗೆ ರಜಾ ಕೇಳ್ಲಿಕ್ಕೆ ಹೋದೆ. ಅವರು ರಜಾ ಕೊಡಲಿಲ್ಲ. “ಕರ್ಕೊಂಡು ಬರ್ರಿ. ಒಂದನೇತ್ತಾ ವರ್ಗದಾಗ ಒಬ್ಬರು ಹೆಚ್ಚಾದ್ರ ಯಾರ ಗಂಟು ಹೋಗ್ತದ” ಅಂದ್ರು.

ಹಂಗ ಅಬ್ಬಾ ನನ್ನ ವರ್ಗಕ್ಕ ಬಂದ್ರು. ಕಾಲ ಮಡಚ್ಲಿಕ್ಕೆ ಬರೂದಿಲ್ಲಂತ ಗ್ವಾಡಿಗೆ ಆನಿಸಿ, ಕಾಲ ಚಾಚಿಸಿ ಕುಂದ್ರಿಸ್ತಿದ್ದೆ. ನಮ್ಮ ಸಾಲಿ ನೆಲಾ ಕರೀ ಫರಸಿ ಕಲ್ಲಿಂದು. ಹುಡುಗರಿಗೆ ನಾ ಪಾಟಿಕಿಂತ ಮೊದಲು ನೆಲದ ಮ್ಯಾಲೇ ಬರೆಸೂದು. ಚಿಕ್ಕಿ ಹ್ಯಾಂಗ ಕಲಿಸ್ತೀನಿ ಗೊತ್ತೇನು? ಗುಡ್ಡ ಏರು, ಗುಡ್ಡ ಇಳಿ, ಓರೆಯಾಗಿ ಎಡಕ್ಕ ಏರು, ಸೀದಾ ಬಲಕ್ಕ ನಡಿ, ಹೊಂಟ ಮನಿಗೆ ವಾಪಸ್ ಬಾ. ಕೈ ಎತ್ತಂಗಿಲ್ಲ. ಅಬ್ಬಾ ಗುಡ್ಡ ಏರಿ ಇಳೀತಿದ್ರು, ಅಲ್ಲೇ ನಿಂತು ಬಿಡ್ತಿದ್ರು. ಎತ್ತ ಹೋಗಬೇಕು ಅನ್ನೂದೇ ತಿಳೀತಿದ್ದಿಲ್ಲ. ನಾ ಕೈ ಹಿಡಿದ್ರ ಜಾಡಿಸ್ತಿದ್ರು.

ಸುಶ್ಮಿತಾ ಅಂತ ಒಬ್ಬಾಕಿ ಇದ್ದಾಳ, ನಮ್ಮ ಓಣಿ ಚಂದಮ್ಮನ ಮಗಳು. ಮುಂದಿನ ಹಲ್ಲು ಬಿದ್ದಾವ. ಆಕೀಗೂ ಚಿಕ್ಕಿ ಬರ್ತಿದ್ದಿಲ್ಲ, ಪ್ರತಿ ಸಲ ಮೀನಿನ ಆಕಾರ ಆಗ್ತಿತ್ತು. ಆಕಿ ತಾನಾಗೇ ಹೋಗಿ ಅಬ್ಬಾನ ಬಾಜೂಕ ಕುಂತ್ಲು. “ಮುತ್ಯಾ, ನಂಗೂ ಬರಲ್ಲ. ನೀ ಒಂದು ಗೆರಿ ಹಾಕು, ನಾ ಒಂದು ಹಾಕ್ತೀನಿ” ಅಂದ್ಲು. ಅಬ್ಬಾ ಹಾಕಿದ್ರು. ಆಕಿ ಹಾಕಿದ್ಲು. ಕೂಡಿ ಏನೋ ಒಂದು ಆತು, ಮುರಿದ ಮಂಚದಂಥಾದ್ದು. ಅದನ್ನ ನೋಡಿ ಅಬ್ಬಾ ನಕ್ರು, ಆಪಾ. ಸೊಟ್ಟ ಬಾಯಿಲೆ, ಜೊಲ್ಲು ಸುರಿಸಿಕೋತ. ಅಮ್ಮಿ ಹೋದ ಮ್ಯಾಲ ಅವರು ನಕ್ಕದ್ದು ನಾ ನೋಡಿದ್ದಿಲ್ಲ.

ಆಮ್ಯಾಲ ಬೆಳಿಗ್ಗಿ ನಾ ಎಬ್ಬಿಸೂದ್ರೊಳಗ ಅವರೇ ಎದ್ದು ಟೊಪಿಗಿ ಹಾಕ್ಕೊಂಡು ಕುಂತಿರ್ತಿದ್ರು. ‘ಸ್ಕೂಲ್’ ಅನ್ನೂ ಮಾತು ಎಲ್ಲಕ್ಕಿಂತ ಚೊಕ್ಕ ಬರ್ತಿತ್ತು. ದೀಪಾವಳಿ ಸೂಟಿ ಬಂದಾಗ ಸಾಲಿ ಯಾಕಿಲ್ಲ ಅಂತ ಒಂದೊಪ್ಪತ್ತು ಉಣ್ಣಲಿಲ್ಲ. ಸೂಟಿ ಮುಗದ ಸ್ವಲ್ಪ ದಿನಕ್ಕ ಸುಶ್ಮಿತಾ ಓಡಿ ಬಂದು ನನ್ನ ಸೆರಗ ಜಗ್ಗಿದ್ಲು. ನೆಲದ ಮ್ಯಾಲ ಒಂದು ಚಿಕ್ಕಿ. ಒಂದು ಮೂಲಿ ಉದ್ದ, ಒಂದು ಮೂಲಿ ಗಿಡ್ಡ, ಆದ್ರ ಕೂಡಿತ್ತು. “ಮುತ್ಯಾಂದೇ. ನಾ ಮುಟ್ಟೇ ಇಲ್ಲ ಟೀಚರ್” ಅಂದ್ಲು. ನಾ ಹೊರಗ ಹೋಗಿ ಗಡಗಿ ನೀರಿಲೆ ಮಾರಿ ತೊಳಕೊಂಡು ಬಂದೆ.

ನಿನಗ ಆ ಚಿಕ್ಕಿದು ಫೋಟೋ ಕಳಿಸಿದ್ದೆ. ನೀ ಹಾಸಿಗ್ಯಾಗಿಂದ ‘ಅಬ್ಬಾ ಪಾಸಾದ್ರು’ ಅಂತ ಬರದಿದ್ದಿ. ಅದನ್ನ ಓದಿ ಹೇಳಿದೆ. ತಲಿ ಅಲ್ಲಾಡಿಸಿದ್ರು.

ಡಿಸೆಂಬರದಾಗ ಎರಡನೇ ಸಲ ಹೊಡೀತು. ಈ ಸಲ ಡಾಕ್ಟರು ಮನಿಗೆ ಒಯ್ರಿ ಅಂದುಬಿಟ್ರು. ಮಂದಿ ಬಂದ್ರು, ಕುರಾನಿನ ಯಾಸೀನ್ ಓದಿದ್ರು. ಅಬ್ಬಾ ಬಾಗಿಲ ಕಡೆ ಕಣ್ಣ ಹಾಯಿಸಿ ‘ಬೇಟಿ ಆಯೀ ಕ್ಯಾ’, ಮಗಳು ಬಂದ್ಲೇನು ಅಂತ ಕೇಳ್ತಿದ್ರು. ಫುಫು ಕಿವಿಗೆ ಬಿದ್ದಿದ್ದು ಅಷ್ಟೇ. ಅದನ್ನೇ ಆಕಿ ನಿನ್ನ ಎದಿ ಮ್ಯಾಲ ಕಲ್ಲು ಮಾಡಿ ಇಟ್ಟಾಳ. ಜುಮ್ಮಾದ ಶುಕ್ರವಾರ, ಹೊತ್ತು ಇಳಿಯೂ ಮುಂದ, ನನ್ನ ಕೈಲೆ ಎರಡು ಚಮಚಾ ನೀರು ಕುಡದು ಹೋದ್ರು. ತ್ರಾಸ ಆಗಲಿಲ್ಲ. ಅಮ್ಮೀ ಬಾಜೂಕೇ ಜಾಗಾ ಸಿಕ್ತು.

ನಾ ಮತ್ತ ಸಾಲಿಗೆ ಹೋದ ದಿನ ಹುಡುಗರು ಗ್ವಾಡಿ ಹತ್ರದ ಜಾಗಾ ಬಿಟ್ಟೇ ಕುಂತಿದ್ರು. ಸುಶ್ಮಿತಾ, ಮುತ್ಯಾ ಎರಡನೇತ್ತಾಕ್ಕ ಹೋದ್ರೇನು ಅಂತ ಕೇಳಿದ್ಲು. ಹೂಂ ಅಂದೆ. ಆ ವಾರ ಬರೇ ಗೋಲ, ಚೌಕ ಬರೆಸಿದೆ. ಆಕೀಗೆ ಈಗ ಚಿಕ್ಕಿ ಚಂದ ಬರ್ತದ, ಸಾಲಿ ಮೆಟ್ಟಲ ತುಂಬ ಅದೇ ಹಾಕಿರ್ತಾಳ. ನಾ ದಾಟಿಕೊಂಡು ಹೋಗ್ತೀನಿ.

ಆಪಾ, ಉಣ್ಣು. ಜ್ವಾಳದ ಗಂಜಿ ಆದರೂ ಕುಡಿ. ಕೂಸಿನ ಹಣಿಗೆ ನನ್ನ ಮುದ್ದು. ಅಲ್ಲಾ ನಿಮ್ಮ ಮೂವರ್ನೂ ತಂಪಾಗಿ ಇಡಲಿ. ಕಲೀಮ್ ಭಾಯಿಗೆ ಸಲಾಂ.

ನಿನ್ನ
ಹುಮೇರಾ

ತಾ.ಕ.: ಮುಚ್ಚಿದ ಲಕೋಟಿ ಮತ್ತ ಹರದೀನಿ. ಇದನ್ನ ಹೇಳದಿದ್ರ ನೀ ನನ್ನ ಮಾತು ನಂಬಂಗಿಲ್ಲ.

ಅಬ್ಬಾಗ ನಿನ್ನ ಗುರುತು ಕಡೀತನಾ ಇತ್ತು. ‘ಫಿರ್ದೋಸ್ ಚಿಂಚೋಳ್ಯಾಗ ಇದ್ದಾಳ, ಬಸುರಿ, ಬರಬಾರದು’ ಅಂತ ಒಂದೊಂದೇ ಮಾತು ಕೂಡಿಸಿ ತಾವೇ ಹೇಳ್ತಿದ್ರು. ಗುರುತು ಹೋಗಿದ್ದು ನಂದು. ಹುಡುಗರು ಟೀಚರ್ ಅಂತಿದ್ರಲ್ಲ, ಅವರೂ ಟೀಚರ್ ಅನ್ಲಿಕತ್ತಿದ್ರು. ಮೊದಲು ಚಾಷ್ಟಿ ಅನಕೊಂಡೆ. ಒಂದಿನ ಸಾಲಿ ಬಿಟ್ಟ ಮ್ಯಾಲ ಏಳಲಿಲ್ಲ. ಹುಮೇರಾ ಕರ್ಕೊಂಡು ಹೋಗ್ಲಿಕ್ಕೆ ಬರ್ತಾಳ, ಕೀಲಿ ಹಾಕಬ್ಯಾಡ್ರಿ ಅಂದ್ರು. ನಾನೇ ಹುಮೇರಾ ಅಂದೆ. ಅಂಜಿ ಗ್ವಾಡಿಗೆ ಸರದ್ರು, ಅವರ ಮಾರಿ ನೋಡ್ಲಿಕ್ಕೆ ಆಗಲಿಲ್ಲ. ಆಮ್ಯಾಲ ಮತ್ತ ಹೇಳಲಿಲ್ಲ, ಟೀಚರ್ ಆಗೇ ಉಣಿಸಿದೆ, ಮೈ ತೊಳದೆ. ‘ನೀವು ಭಾಳ ಛಲೋರಿ’ ಅಂತಿದ್ರು.

ಕಡೀ ದಿನ ಬಾಗಿಲ ನೋಡಿ ಕೇಳಿದ್ದು ನಿನ್ನಲ್ಲ, ಆಪಾ. ಫುಫು ದೂರ ಕುಂತಿದ್ಲು, ಹೆಸರು ಕೇಳಿಸಲಿಲ್ಲ. ನನಗ ಕೇಳಿಸ್ತು. ಹುಮೇರಾ ಇನ್ನಾ ಯಾಕ ಬರಲಿಲ್ಲ ಅಂತ ನನ್ನ ಕೈ ಹಿಡಕೊಂಡೇ ಕೇಳಿದ್ರು.

“ಹಾದ್ಯಾಗ ಇದ್ದಾಳ್ರಿ” ಅಂದೆ.