ಹತ್ತಿ ಬೆಳ್ಳಗೆ ಬಂದ ಮೇಲೂ

ತನ್ಮಯೀ,

ಶನಿವಾರಸಂತೆಯ ಈ ಮನೆ ನಿನಗೆ ಗೊತ್ತಿಲ್ಲ, ನನ್ನ ಮಗ ಹುಟ್ಟಿದ್ದೂ ಗೊತ್ತಿಲ್ಲ. ನಿನ್ನ ಈಗಿನ ನಂಬರನ್ನು ಯಾರ ಹತ್ತಿರ ಕೇಳಬೇಕೋ ನನಗೂ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ.

ಬೆಳಿಗ್ಗೆ ಅತ್ತೆ ಮಗುವಿಗೆ ಎಣ್ಣೆ, ಅರಿಶಿನ ಹಚ್ಚಿ ನೀರು ಹಾಕಿದರು. ಆಮೇಲೆ ನೋಡಿದರೆ ಮೈಯೆಲ್ಲ ಹಳದಿ. ಒದ್ದೆ ಬಟ್ಟೆಯಲ್ಲಿ ಎಷ್ಟು ಒರೆಸಿದರೂ ಹೋಗಲಿಲ್ಲ. ಕಾಮಾಲೆಯೇ ಎಂದು ಅತ್ತುಬಿಟ್ಟೆ.

“ಅರಿಶ್ಣ ಹಚ್ಚಿದ್ರೆ ಹಳದಿ ಆಗ್ದೆ ನೀಲಿ ಆಯ್ತದೇನವ್ವ? ಓದಿದ್ದು ಜಾಸ್ತಿ ಆಯ್ತು ನಿಂಗೆ” ಅಂದರು ಅತ್ತೆ.

ಆಗ ನಮ್ಮ ಕಾಲೇಜಿನ ಲ್ಯಾಬು ನೆನಪಾಯಿತು. ಅರಿಶಿನದ ಬಣ್ಣ ನೀರಿನಲ್ಲಿ ಕರಗಲಿಲ್ಲವೆಂದು ಕ್ಲೋರೋಫಾರ್ಮಿನಲ್ಲೂ ಆಲ್ಕೋಹಾಲಿನಲ್ಲೂ ಕರಗಿಸಿದ್ದೆವಲ್ಲ. ಅದು ಯಾವ ಬೆಳಕನ್ನು ಹೀರುತ್ತದೆಂದು ತೋರಿಸುವ ಗ್ರಾಫಿನ ಶಿಖರ ಆಲ್ಕೋಹಾಲಿನಲ್ಲಿ ಸ್ವಲ್ಪ ಬಲಕ್ಕೆ ಸರಿದಾಗ ಸ್ಯಾಂಪಲ್ಲೇ ಕೆಟ್ಟಿತೆಂದು ನಾನು ಗಾಬರಿಯಾಗಿದ್ದೆ. “ವಸ್ತು ಅದೇ ಕಣೇ, ದ್ರಾವಕ ಬೇರೆ. ಸುತ್ತ ಇರೋದು ಬದಲಾದ್ರೆ ಅದು ಹೀರೋ ಬೆಳಕೂ ಬದಲಾಗುತ್ತೆ” ಎಂದು ನೀನು ನಕ್ಕಿದ್ದೆ.

ನೀರು ಬಿಟ್ಟು, ಹತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಒರೆಸಿದೆ. ಹತ್ತಿ ಹಳದಿಯಾಗುತ್ತ ಹೋಯಿತು, ಕೊನೆಗೆ ಬೆಳ್ಳಗೇ ಬಂತು. ಮಗು ಮಾತ್ರ ಇನ್ನೂ ಹಳದಿ ಕಾಣುತ್ತಿದೆ. ಕಿಟಕಿಯ ಹತ್ತಿರ ಹಿಡಿದರೆ ಇಲ್ಲವೇನೋ ಅನ್ನಿಸುತ್ತದೆ, ಒಳಗೆ ತಂದರೆ ಇದೆ ಅನ್ನಿಸುತ್ತದೆ. ಬಣ್ಣ ಅವನ ಚರ್ಮದಲ್ಲಿದೆಯೋ, ನಿದ್ದೆಗೆಟ್ಟ ನನ್ನ ಕಣ್ಣಲ್ಲಿದೆಯೋ ತಿಳಿಯುತ್ತಿಲ್ಲ.

ನಮ್ಮವರು ಆಸ್ಪತ್ರೆಗೆಂದು ಜೀಪು ತೆಗೆಯುತ್ತಿದ್ದಾರೆ. ಲ್ಯಾಬಿನಲ್ಲಿ ನನ್ನ ಪ್ರತಿ ರೀಡಿಂಗನ್ನೂ ನೀನು ಇನ್ನೊಮ್ಮೆ ಓದುತ್ತಿದ್ದೆಯಲ್ಲ. ಇವನನ್ನೂ ಒಂದು ಸಲ ನೋಡೇ.