ಗಂಡಂದಿರ ರೈಲು

ನೋಲಿ, ೧೦ ಆಗಸ್ಟ್ ೧೯೬೪

ಪ್ರೀತಿಯ ಸೆವೆರಿನೊ,

ಹೇಗಿದ್ದೀಯ? ನಿನ್ನ ಕಾಗದ ಶನಿವಾರ ಬೆಳಿಗ್ಗೆಯೇ ಕೈಸೇರಿತು. ತಕ್ಷಣ ಉತ್ತರ ಬರೆಯಲಿಲ್ಲವೆಂದು ಬೇಸರಿಸಬೇಡ. ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದರೆ ನನ್ನ ಅಕ್ಷರ ಯಾರಿಗೂ ಓದಲಾಗದು.

ಮಕ್ಕಳು ಆರಾಮವಾಗಿದ್ದಾರೆ. ಲೌರೊ ಈಗ ಕಾಲು ನೆಲಕ್ಕೆ ತಾಗದ ಕಡೆಯೂ ಈಜುತ್ತಾನೆ. ಉಂಡ ಮೇಲೆ ಮೂರು ಗಂಟೆ ನೀರಿಗಿಳಿಯಬಾರದು ಎಂದು ನಿವೆಸ್‌ಗೆ ಗದರಿದರೆ, "ಮೀನುಗಳು ಉಂಡ ಮೇಲೆ ದಡಕ್ಕೆ ಬಂದು ಕೂರ್ತಾವಾ ಅಮ್ಮ?" ಎನ್ನುತ್ತಾಳೆ. ನಿನ್ನ ಮಗಳೇ ಸರಿ. ಮನೆಯೊಡತಿ ಜೆಮ್ಮಜ್ಜಿ ಈ ಸಲವೂ ಅದೇ ಕೋಣೆ ಕೊಟ್ಟಿದ್ದಾಳೆ. ಹೋದ ವರ್ಷ ನೀನು ರಿಪೇರಿ ಮಾಡಿದ ಕಿಟಕಿ ಇನ್ನೂ ಸದ್ದಿಲ್ಲದೆ ತೆರೆಯುತ್ತದೆ.

ನಿನ್ನ ಕಾಗದವನ್ನು ನಾನು ಕಡಲದಂಡೆಯ ಕೊಡೆಯ ಕೆಳಗೆ ಕೂತು ಎಲ್ಲರಿಗೂ ಓದಿ ಹೇಳಿದೆ, ಪೆದ್ದಿ. ಕಾರ್ಖಾನೆಯಲ್ಲಿ ಕೆಲಸ ಜೋರು, ಹದಿನೈದನೇ ತಾರೀಕೂ ರಜೆಯಿಲ್ಲ ಎಂದು ಬರೆದಿದ್ದೆಯಲ್ಲ, ಆ ಸಾಲಿಗೆ ಬಂದದ್ದೇ ತಡ, ಪಕ್ಕದ ಕೊಡೆಯ ಒರ್ತೆನ್ಸಿಯಾ ಮೈಗೆ ಎಣ್ಣೆ ಹಚ್ಚುವುದನ್ನು ಬಿಟ್ಟು ಎದ್ದು ಕೂತಳು.

"ಹದಿನೈದಕ್ಕಾ? ಮಾತೆ ಮರಿಯಮ್ಮನ ಹಬ್ಬದ ದಿನವಾ? ಅವತ್ತು ಟ್ಯೂರಿನ್‌ನಲ್ಲಿ ಬೆಕ್ಕು ಕೂಡ ಇಲಿ ಹಿಡಿಯಲ್ಲ ಕಣೇ ಕ್ಲೆಲಿಯಾ! ಅವನ ಆ ಕೆಲಸಕ್ಕೆ ಕೂದಲು ಕಪ್ಪಂತೋ, ಕೆಂಚಂತೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಳ್ಳು ಹೇಳುವುದಕ್ಕೆ ನಿನಗೆ ಬೇರೆ ತಾರೀಕೇ ಸಿಗಲಿಲ್ಲವೇ ಮಾರಾಯ?

ಆದರೂ ಸಂಜೆ ಮಕ್ಕಳ ತಲೆ ಬಾಚಿ, ನಿನಗಿಷ್ಟವಾದ ಹಸಿರು ಫ್ರಾಕು ತೊಟ್ಟು ಎಲ್ಲ ಹೆಂಗಸರ ಜೊತೆ, ವಾರದ ಕೊನೆಗೆ ಟ್ಯೂರಿನ್‌ನಿಂದ ನಿಮ್ಮನ್ನೆಲ್ಲ ಹೊತ್ತು ತರುವ ಗಂಡಂದಿರ ರೈಲಿಗೆ ಕಾಯಲು ಹೋದೆ. ಬರುವುದಿಲ್ಲವೆಂದು ಬರೆದವನು ಮನಸ್ಸು ಬದಲಾಯಿಸಿ ಬಂದುಬಿಡಬಹುದಲ್ಲ? ಒರ್ತೆನ್ಸಿಯಾಳ ಗಂಡ ತುಲ್ಲಿಯೊ ಕಲ್ಲಂಗಡಿ ಹೊತ್ತುಕೊಂಡು ಇಳಿದ. ಒಂದೇ ಕಾರ್ಖಾನೆಯವರಾದ್ದರಿಂದ, "ನಮ್ಮವನೆಲ್ಲಿ?" ಎಂದು ಕೇಳಿದೆ. ಅವನು ಆ ಕಲ್ಲಂಗಡಿಯನ್ನೇ ನೋಡುತ್ತ, "ಬರ್ತಾನೆ, ಬರ್ತಾನೆ" ಎಂದ. ಪ್ಲಾಟ್‌ಫಾರ್ಮು ಖಾಲಿಯಾದ ಮೇಲೂ ಲೌರೊ ಕದಲಲಿಲ್ಲ. ಅಪ್ಪ ಕೊನೆಯ ಡಬ್ಬಿಯಲ್ಲಿ ನಿದ್ದೆ ಹೋಗಿರಬಹುದು ಎಂದು ಅವನ ವಾದ. ಅವನನ್ನು ಎಳೆದುಕೊಂಡು ಬರಬೇಕಾಯಿತು.

ಆ ರಾತ್ರಿ ಮನಸ್ಸು ಏನೇನೋ ಯೋಚಿಸಿತು. ಬರೆಯಲು ನಾಚಿಕೆ.

ಈಗ ನನ್ನ ಮಾತು ಕೇಳು. ಹಬ್ಬದ ಊಟಕ್ಕೆ ಜೆಮ್ಮಜ್ಜಿ ಆಂಚೊವಿ ಮೀನಿಗೆ ಹೂರಣ ತುಂಬಿ ಕರಿಯುತ್ತಾಳಂತೆ, ನಿನಗೆಂದೇ ಹೆಚ್ಚಿಗೆ. ಶುಕ್ರವಾರ ಸಂಜೆಯ ರೈಲಿಗೆ ಅದೇ ಹಸಿರು ಫ್ರಾಕು ತೊಟ್ಟು ನಿಂತಿರುತ್ತೇನೆ. ಬಾ. ಮರಿಯಮ್ಮ ನಿನ್ನನ್ನು ಕಾಪಾಡಲಿ. ಮಕ್ಕಳು ಮುತ್ತು ಕಳಿಸಿದ್ದಾರೆ, ಉಪ್ಪುಪ್ಪಾಗಿರುತ್ತವೆ.

ನಿನ್ನ
ಕ್ಲೆಲಿಯಾ

ತಾ.ಕ.: ನಿನ್ನೆ ತುಲ್ಲಿಯೊನನ್ನು ಎದೆಮಟ್ಟದ ನೀರಿನಲ್ಲಿ ಅಡ್ಡಗಟ್ಟಿ ಕೇಳಿದೆ. ಅಲ್ಲಿಂದ ಎಲ್ಲಿಗೆ ಓಡುತ್ತಾನೆ ಪಾಪ, ಬಾಯಿಬಿಟ್ಟ. ಜೂನ್ ಮೊದಲ ವಾರವೇ ನಿನ್ನನ್ನು ಕೆಲಸದಿಂದ ತೆಗೆದರಂತೆ. ಅದಕ್ಕೆ ನಾನು ಅಳಲಿಲ್ಲ. ಇವತ್ತಲ್ಲ ನಾಳೆ ಇನ್ನೊಂದು ಸಿಗುತ್ತದೆ. ಆದರೆ ನಾವು ಇಲ್ಲಿಗೆ ಹೊರಡುವ ತನಕ ದಿನಾ ಬೆಳಿಗ್ಗೆ ನಿನಗೆ ಬುತ್ತಿ ಕಟ್ಟಿಕೊಟ್ಟೆನಲ್ಲ ಸೆವೆರಿನೊ, ಅದನ್ನು ಎಲ್ಲಿ ಕೂತು ಉಣ್ಣುತ್ತಿದ್ದೆ?